ಹಳೇ ಪಿಕಪ್‌ನ ವ್ಯಾಕ್ಯೂಮ್ ಪೈಪುಗಳು: ಕೀಳಬೇಕೇ, ಸರಿಪಡಿಸಬೇಕೇ?

ಪ್ರಶ್ನೆ: ನನ್ನದು ಎಂಬತ್ತರ ದಶಕದ ಪೆಟ್ರೋಲ್ ಪಿಕಪ್, ಕಾರ್ಬುರೇಟರ್ ಎಂಜಿನ್. ಬಾನೆಟ್ ಎತ್ತಿದರೆ ಎಲ್ಲೆಲ್ಲೂ ಸಣ್ಣ ರಬ್ಬರ್ ಪೈಪುಗಳು. ಕೆಲವು ಸೀಳಿವೆ, ಕೆಲವಕ್ಕೆ ಯಾರೋ ಸ್ಕ್ರೂ ತುರುಕಿ ಬಾಯಿ ಮುಚ್ಚಿದ್ದಾರೆ. ಐಡಲ್‌ನಲ್ಲಿ ಗಾಡಿ ಅದುರುತ್ತದೆ. ಎಲ್ಲವನ್ನೂ ಕಿತ್ತುಹಾಕಿದರೆ ತಲೆನೋವೇ ಇರುವುದಿಲ್ಲ ಎನ್ನುತ್ತಾರೆ ಮೆಕ್ಯಾನಿಕ್. ಹಾಗೆ ಮಾಡಬಹುದೇ?

ಉತ್ತರ: ಬೇಡ. ಈ ಪೈಪುಗಳು ಎಂಜಿನ್ ಹೀರುವ ಎಳೆತವನ್ನು (ವ್ಯಾಕ್ಯೂಮ್) ಸಣ್ಣಪುಟ್ಟ ವಾಲ್ವ್‌ಗಳಿಗೆ ಒಯ್ಯುತ್ತವೆ, ಅವುಗಳಲ್ಲಿ ಹೆಚ್ಚಿನವು ಹೊಗೆ ತಗ್ಗಿಸಲು ಇರುವವು. ಇಂಥ ಮಾಲಿನ್ಯ ನಿಯಂತ್ರಣದ ಭಾಗಗಳನ್ನು ಕೀಳುವುದು ಅನೇಕ ದೇಶಗಳಲ್ಲಿ ಅಪರಾಧ. ಅದು ಹಾಗಿರಲಿ, ಎಂಜಿನ್ನಿಗೂ ಒಳ್ಳೆಯದಲ್ಲ. ಇಜಿಆರ್ ವಾಲ್ವ್ ಸುಟ್ಟ ಅನಿಲದಲ್ಲಿ ಸ್ವಲ್ಪವನ್ನು ಮತ್ತೆ ಸಿಲಿಂಡರಿಗೆ ಬಿಟ್ಟು ಒಳಗಿನ ಉರಿಯ ಬಿಸಿ ತಗ್ಗಿಸುತ್ತದೆ. ಇಗ್ನಿಷನ್ ಟೈಮಿಂಗನ್ನು (ಕಿಡಿ ಹಾರುವ ಹೊತ್ತನ್ನು) ಆ ಲೆಕ್ಕ ಹಿಡಿದೇ ಇಟ್ಟಿರುತ್ತಾರೆ. ಇಜಿಆರ್ ಕಟ್ಟಿಹಾಕಿದರೆ ಒಂದೇ ವೇಗದಲ್ಲಿ ಹೋಗುವಾಗ ಟಿಣಿಟಿಣಿ ಎನ್ನುವ ನಾಕಿಂಗ್ ಶುರುವಾಗಬಹುದು. ಆವಿ ಹಿಡಿದಿಡುವ ಇದ್ದಿಲ ಡಬ್ಬಿಯ (ಕ್ಯಾನಿಸ್ಟರ್) ಪೈಪ್ ಮುಚ್ಚಿದರೆ ಟ್ಯಾಂಕಿನಿಂದ ಬಂದ ಪೆಟ್ರೋಲ್ ಆವಿ ಎಂಜಿನ್ನಿಗೆ ಹೋಗದೆ ಹೊರಗೆ ವಾಸನೆ ಹೊಡೆಯುತ್ತದೆ.

ಪೈಪುಗಳು ಎಷ್ಟೇ ಇದ್ದರೂ ಸರ್ಕಿಟ್ ಐದಾರೇ: ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್ (ಕಿಡಿಯನ್ನು ತುಸು ಬೇಗ ಹಾರಿಸುವುದು), ಇಜಿಆರ್, ಕ್ಯಾನಿಸ್ಟರ್, ಏರ್ ಕ್ಲೀನರ್ ಮೂತಿಯ ಬಿಸಿಗಾಳಿ ಫ್ಲ್ಯಾಪ್, ಕೆಲವು ಗಾಡಿಗಳಲ್ಲಿ ಏರ್ ಇಂಜೆಕ್ಷನ್ (ಎಗ್ಸಾಸ್ಟ್‌ಗೆ ಗಾಳಿ ಬಿಡುವುದು). ದಪ್ಪ ಪೈಪುಗಳು ಪಿಸಿವಿ (ಎಂಜಿನ್ ಒಳಗಿನ ಎಣ್ಣೆ ಆವಿಯನ್ನು ಮತ್ತೆ ಎಳೆದುಕೊಳ್ಳುವ ವಾಲ್ವ್) ಮತ್ತು ಬ್ರೇಕ್ ಬೂಸ್ಟರಿನವು (ಬ್ರೇಕ್ ಒತ್ತಲು ನೆರವಾಗುವ ಡಬ್ಬಿ). ವ್ಯಾಕ್ಯೂಮ್ ಸಿಗುವುದು ಎರಡು ಬಗೆಯ ಜಾಗದಿಂದ. ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆ) ನಿಪ್ಪಲ್‌ಗಳು, ಅಂದರೆ ಪೈಪ್ ಸಿಕ್ಕಿಸುವ ಸಣ್ಣ ಮೂತಿಗಳು, ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ಪ್ಲೇಟಿನ ಕೆಳಗಿರುತ್ತವೆ, ಅಲ್ಲಿ ಐಡಲ್‌ನಲ್ಲೂ ಜೋರಾದ ಎಳೆತ ಇರುತ್ತದೆ. ಪೋರ್ಟೆಡ್ ನಿಪ್ಪಲ್‌ಗಳು ಪ್ಲೇಟಿನ ಅಂಚಿಗಿಂತ ತುಸು ಮೇಲೆ. ಐಡಲ್‌ನಲ್ಲಿ ಎಳೆತ ಇಲ್ಲ, ಆಕ್ಸಿಲರೇಟರ್ ಒತ್ತಿದಾಗ ಬರುತ್ತದೆ. ಬೆರಳಿಟ್ಟರೇ ಗೊತ್ತಾಗುತ್ತದೆ. ಈ ಎರಡು ಅದಲುಬದಲಾದರೆ ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ: ಇಜಿಆರ್ ಪೈಪನ್ನು ಮ್ಯಾನಿಫೋಲ್ಡ್ ನಿಪ್ಪಲ್‌ಗೆ ಸಿಕ್ಕಿಸಿದರೆ ವಾಲ್ವ್ ಐಡಲ್‌ನಲ್ಲೇ ತೆರೆದು ಗಾಡಿ ನಡುಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ.

ಬಾನೆಟ್‌ನ ಒಳಮೈಯಲ್ಲೋ ರೇಡಿಯೇಟರ್ ಮೇಲಿನ ಪಟ್ಟಿಯಲ್ಲೋ ಪೈಪುಗಳ ನಕ್ಷೆಯ ಸ್ಟಿಕ್ಕರ್ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಎಂಜಿನ್, ನಿಮ್ಮ ವರ್ಷದ ಸರ್ವಿಸ್ ಮ್ಯಾನ್ಯುಯಲ್ ಬೇಕು. ಅದೇ ಎಂಜಿನ್ ಆದರೂ ಬೇರೆ ವರ್ಷದ ನಕ್ಷೆ ದಾರಿ ತಪ್ಪಿಸುತ್ತದೆ. ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಪ್ರತಿ ಪೈಪಿನ ಎರಡೂ ತುದಿಗೆ ಒಂದೇ ನಂಬರಿನ ಟೇಪ್ ಅಂಟಿಸಿ. ಆಮೇಲೆ ಒಂದು ಪೈಪ್ ತೆಗೆದು, ಅದರ ಹೊಸದು ಹಾಕಿ, ನಂತರವೇ ಇನ್ನೊಂದಕ್ಕೆ ಕೈಹಾಕಿ. ಸ್ಕ್ರೂ ತುರುಕಿದ ಪೈಪುಗಳು ಎಲ್ಲಿಗೆ ಸೇರಬೇಕಿತ್ತು ಎಂದು ನಕ್ಷೆಯಲ್ಲಿ ಹುಡುಕಿ. ಆ ಸರ್ಕಿಟ್ ಸತ್ತಿದೆ ಎಂದೇ ಅರ್ಥ.

ಗಟ್ಟಿಯಾದ ಪೈಪನ್ನು ಜಗ್ಗಬೇಡಿ. ವಯಸ್ಸಾದ ಪ್ಲಾಸ್ಟಿಕ್ ನಿಪ್ಪಲ್ ಪಟ್ ಎಂದು ಮುರಿಯುತ್ತದೆ. ಮೊದಲು ತಿರುಚಿ ನೋಡಿ, ಬರದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಬ್ಲೇಡ್ ನಿಪ್ಪಲ್‌ಗೆ ಗೀರು ಹಾಕದಿರಲಿ, ಗೀರಿನಲ್ಲೇ ಗಾಳಿ ಸೋರುತ್ತದೆ. ಇನ್ನೊಂದು ಮಾತು, ಹೆಚ್ಚಿನವರು ಎಡವುವುದು ಇಲ್ಲೇ: ಹಳೇ ಪೈಪ್ ಎಸೆಯುವ ಮುನ್ನ ಉದ್ದಕ್ಕೂ ಬೆರಳಲ್ಲಿ ಹಿಸುಕಿ. ಕೆಲವು ಪೈಪುಗಳ ಒಳಗೆ ಸೂಜಿತೂತಿನ ಸಣ್ಣ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಜೆಟ್ ಕೂತಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅದು ಕಸಕ್ಕೆ ಹೋದರೆ ಹೊಸ ಪೈಪ್ ಹಾಕಿದ ಮೇಲೆ ಇಜಿಆರ್ ಒಮ್ಮೆಲೇ ತೆರೆದುಕೊಂಡು ಗಾಡಿ ಮುಗ್ಗರಿಸುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಹೊಸ ಪೈಪಿನ ಒಳವ್ಯಾಸ ನಿಪ್ಪಲ್‌ಗಿಂತ ತುಸು ಕಡಿಮೆಯಿದ್ದು ಬಿಗಿಯಾಗಿ ಕೂರಬೇಕು; ಸಣ್ಣ ಸಿಗ್ನಲ್ ಪೈಪುಗಳು ಸಾಮಾನ್ಯವಾಗಿ 3ರಿಂದ 4 ಮಿ.ಮೀ. ಸಿಲಿಕೋನ್ ಪೈಪ್ ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ಪೆಟ್ರೋಲ್ ಆವಿಗೂ ಎಣ್ಣೆಗೂ ಒಗ್ಗುವುದಿಲ್ಲ. ಕ್ಯಾನಿಸ್ಟರ್‌ಗೆ ಫ್ಯುಯೆಲ್ ಹೋಸ್, ಪಿಸಿವಿಗೆ ಎಣ್ಣೆ ತಡೆಯುವ ಹೋಸ್ ಹಾಕಿ. ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್‌ಗೆಂದೇ ಮಾಡಿದ ಗಟ್ಟಿ ಗೋಡೆಯದ್ದೇ ಆಗಬೇಕು. ಮೆತ್ತನೆಯದು ಹೀರಿಕೊಂಡು ಚಪ್ಪಟೆಯಾಗುತ್ತದೆ.

ಪ್ರಶ್ನೆ: ಎಲ್ಲಾ ಪೈಪು ಬದಲಿಸಿಯೂ ಅದುರು ನಿಂತಿಲ್ಲ. ಸೋರಿಕೆ ಹುಡುಕುವುದು ಹೇಗೆ?

ಉತ್ತರ: ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿ. ಬಿಸಿಯಾದ ಒಳ್ಳೆಯ ಎಂಜಿನ್ ಐಡಲ್‌ನಲ್ಲಿ ಸುಮಾರು 17ರಿಂದ 21 ಇಂಚು ಪಾದರಸ (ಎಳೆತದ ಅಳತೆ) ತೋರಿಸುತ್ತದೆ, ಮುಳ್ಳು ಅಲುಗುವುದಿಲ್ಲ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಿರಿ. ಮುಳ್ಳು ಸ್ಥಿರವಾಗಿದ್ದೂ ಕಡಿಮೆ ತೋರಿಸಿದರೆ ಸೋರಿಕೆ ಅಥವಾ ಹಿಂದೆ ಬಿದ್ದ ಟೈಮಿಂಗ್. ಲಯಬದ್ಧವಾಗಿ ಕುಸಿಯುತ್ತಿದ್ದರೆ ತೊಂದರೆ ಎಂಜಿನ್ ವಾಲ್ವಿನದ್ದಿರಬಹುದು, ಪೈಪುಗಳನ್ನು ಬಿಟ್ಟುಬಿಡಿ.

ಮುಂದೆ ಒಂದೊಂದೇ ಪೈಪನ್ನು ಬಟ್ಟೆ ಸುತ್ತಿದ ಪ್ಲೈಯರ್‌ನಿಂದ ಹಿಸುಕಿ. ಯಾವುದನ್ನು ಹಿಸುಕಿದಾಗ ಅದುರು ಸರಿಹೋಗುತ್ತದೋ ಆ ಪೈಪಿನ ಆಚೆಯ ಭಾಗ ಸೋರುತ್ತಿದೆ. ಸಾಮಾನ್ಯವಾಗಿ ಹರಿದ ಡಯಾಫ್ರಾಮ್ (ಎಳೆತಕ್ಕೆ ಅಲುಗುವ ಒಳಗಿನ ಪೊರೆ). ವ್ಯಾಕ್ಯೂಮ್ ಕೈ ಪಂಪಿನಿಂದ ಖಚಿತಪಡಿಸಿಕೊಳ್ಳಿ: ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್‌ಗೆ 15 ಇಂಚು ಕೊಟ್ಟರೆ ಒಳಗಿನ ಪ್ಲೇಟ್ ತಿರುಗಬೇಕು, ಗೇಜ್ ಇಳಿಯಬಾರದು. ಇಜಿಆರ್‌ಗೆ ಐಡಲ್‌ನಲ್ಲಿ 10 ಇಂಚು ಕೊಟ್ಟಾಗ ಎಂಜಿನ್ ಒದ್ದಾಡಬೇಕು. ಡಯಾಫ್ರಾಮ್ ಹಿಡಿದಿದ್ದೂ ಎಂಜಿನ್ ಏನೂ ಆಗದಂತೆ ಓಡುತ್ತಿದ್ದರೆ ಇಜಿಆರ್ ಅನಿಲದ ದಾರಿಗೆ ಮಸಿ ಕಟ್ಟಿದೆ. ಬ್ಯಾಕ್‌ಪ್ರೆಷರ್ (ಎಗ್ಸಾಸ್ಟ್ ಒತ್ತಡ ನೋಡಿ ತೆರೆಯುವ) ಬಗೆಯ ಕೆಲವು ಇಜಿಆರ್‌ಗಳು ಎಂಜಿನ್ ಆಫ್ ಇದ್ದಾಗ ವ್ಯಾಕ್ಯೂಮ್ ಹಿಡಿಯುವುದೇ ಇಲ್ಲ. ಕೆಟ್ಟಿದೆ ಎಂದು ಬಿಸಾಡಬೇಡಿ.

ಇಷ್ಟಾದರೂ ಸಿಗದಿದ್ದರೆ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಸವೆದ ಥ್ರಾಟಲ್ ಶಾಫ್ಟ್ ಸುತ್ತ ನೀರು ಸಿಂಪಡಿಸಿ, ಸದ್ದು ಬದಲಾಗುತ್ತದೆಯೇ ಕೇಳಿ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಇನ್ನೂ ಚೆನ್ನಾಗಿ ತೋರಿಸುತ್ತದೆ ನಿಜ, ಬಿಸಿ ಎಗ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯನ್ನೂ ತೋರಿಸುತ್ತದೆ.

ಸೋರಿಕೆ ಮುಚ್ಚಿದ ಮೇಲೆ ಐಡಲ್ ಏರಿದರೆ ಗಾಬರಿಯಾಗಬೇಡಿ. ಹಿಂದೆ ಯಾರೋ ಸೋರಿಕೆ ಮರೆಸಲು ಸ್ಕ್ರೂ ತಿರುಗಿಸಿದ್ದಾರೆ. ಸ್ಟಿಕ್ಕರ್ ಹೇಳಿದಂತೆ ಮೊದಲು ಟೈಮಿಂಗ್, ಆಮೇಲೆ ಐಡಲ್ ವೇಗ, ಕೊನೆಗೆ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಬೆರಕೆ).

ಪ್ರಶ್ನೆ: ಥರ್ಮೋಸ್ಟಾಟ್ ಬಳಿಯ ಎರಡು ನಿಪ್ಪಲ್‌ನ ಪ್ಲಾಸ್ಟಿಕ್ ವಾಲ್ವ್ ಮುರಿದಿದೆ. ಎರಡೂ ಪೈಪನ್ನು ನೇರ ಸೇರಿಸಲೇ?

ಉತ್ತರ: ಸೇರಿಸಿದರೆ ಗಾಡಿ ಓಡುತ್ತದೆ, ತಣ್ಣಗಿರುವಾಗ ಮಾತ್ರ ಮುಗ್ಗರಿಸುತ್ತದೆ. ಕೂಲಂಟ್ ಬಿಸಿಯಾಗುವ ತನಕ ಇಜಿಆರ್‌ಗೆ ವ್ಯಾಕ್ಯೂಮ್ ಹೋಗದಂತೆ ತಡೆಯುವುದೇ ಹೆಚ್ಚಾಗಿ ಅದರ ಕೆಲಸ. ಹೊಸದನ್ನೇ ಹಾಕಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ವಾಲ್ವಿನ ಮಟ್ಟಕ್ಕಿಂತ ಕೆಳಗೆ ಬರುವಷ್ಟು ಕೂಲಂಟ್ ಇಳಿಸಿ, ಬಿಚ್ಚಿ. ಅಂಥ ವಾಲ್ವ್ ಆದರೆ ಹಾಕುವ ಮೊದಲು ಪರೀಕ್ಷಿಸುವುದು ಸುಲಭ: ತಣ್ಣೀರಲ್ಲಿ ಊದಿದರೆ ಗಾಳಿ ಹೋಗಬಾರದು, ಬಿಸಿನೀರಲ್ಲಿ ಹೋಗಬೇಕು. ತಿರುಗುಮುರುಗಾಗಿ ಕೆಲಸ ಮಾಡುವವೂ ಇವೆ, ಆದ್ದರಿಂದ ಪಾರ್ಟ್ ನಂಬರ್ ತಾಳೆ ನೋಡಿ.

ಪ್ರಶ್ನೆ: ಒಂದು ಕಡೆ ಒಂದು ಬಣ್ಣ, ಇನ್ನೊಂದು ಕಡೆ ಬೇರೆ ಬಣ್ಣದ ದುಂಡನೆಯ ಸಣ್ಣ ವಾಲ್ವ್ ಯಾವ ದಿಕ್ಕಿಗೆ?

ಉತ್ತರ: ಅದು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವುದು) ಇಲ್ಲವೇ ಡಿಲೇ ವಾಲ್ವ್ (ನಿಧಾನಿಸಿ ಬಿಡುವುದು). ಎರಡೂ ಕಡೆಯಿಂದ ಊದಿ ನೋಡಿ: ಒಂದು ಕಡೆಯಿಂದ ಗಾಳಿ ಒಂದಿಷ್ಟೂ ಹೋಗದಿದ್ದರೆ ಚೆಕ್ ವಾಲ್ವ್, ಕಷ್ಟಪಟ್ಟು ಹೋದರೆ ಡಿಲೇ ವಾಲ್ವ್. ಎರಡೂ ಕಡೆ ಸಲೀಸಾಗಿ ಹೋದರೆ ಕೆಟ್ಟಿದೆ. ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ನಕ್ಷೆಯಲ್ಲಿ ಯಾವ ಬಣ್ಣ ಕಾರ್ಬುರೇಟರ್ ಕಡೆಗಿದೆಯೋ ಹಾಗೆಯೇ ಕೂರಿಸಿ.