ಬಣ್ಣ ಕಡಿಮೆ ಹಾಕಿ, ಬೆರಳಿನ ಗೆರೆ ಕಾಣಲಿ

ಮಳೆ ಹಿಡಿದು ಮಕ್ಕಳು ಮನೆಯೊಳಗೆ ಕೂತರೆ ಬೆರಳಚ್ಚಿನ ಚಿತ್ರದ ಪ್ರಶ್ನೆಗಳು ಶುರು. ಅದರಲ್ಲೂ ಒಂದು ಪ್ರಶ್ನೆ ಬಿಡದೆ ಬರುತ್ತಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ನಾಲ್ಕು ವರ್ಷದ ಮಗಳ ಹೆಬ್ಬೆರಳಿಗೆ ಬಣ್ಣ ಹಚ್ಚಿ ಒತ್ತಿಸಿದರೆ ಬರೀ ಕಲೆ ಬೀಳುತ್ತದೆ, ಗೆರೆ ಮೂಡುವುದಿಲ್ಲ. ಯಾವ ಕಂಪನಿಯ ಬಣ್ಣ ತರಲಿ? (ಮಡಿಕೇರಿ)

ಉತ್ತರ: ಯಾವುದೂ ತರಬೇಡಿ. ಇರುವುದನ್ನೇ ಕಡಿಮೆ ಹಾಕಿ. ಬೆರಳ ತುದಿಯಲ್ಲಿ ಉಬ್ಬು ಗೆರೆಗಳಿವೆ, ನಡುವೆ ತಗ್ಗುಗಳಿವೆ. ಉಬ್ಬಿಗೆ ಮಾತ್ರ ಬಣ್ಣ ತಾಗಿದರೆ ಗೆರೆ ಮೂಡುತ್ತದೆ. ತಗ್ಗೂ ತುಂಬಿದರೆ ಕಲೆಯೇ ಗತಿ. ಬಟ್ಟಲಿಗೆ ಬೆರಳು ಅದ್ದಿಸುವ ಅಭ್ಯಾಸ ಇವತ್ತೇ ಬಿಡಿ.

ಹೊಸ ಸ್ಪಂಜಿನ ತುಂಡು ನೆನೆಸಿ, ಚೆನ್ನಾಗಿ ಹಿಂಡಿ, ತಟ್ಟೆಯಲ್ಲಿಡಿ. ಮೇಲೆ ಸ್ವಲ್ಪ ಪೋಸ್ಟರ್ ಬಣ್ಣ ತೆಳ್ಳಗೆ ಸವರಿ. ಮಗು ಅದರ ಮೇಲೆ ಬೆರಳು ಮೆತ್ತಗೆ ತಟ್ಟಲಿ. ಮೊದಲ ಅಚ್ಚು ಹಳೇ ಪೇಪರಿಗೆ, ಆಮೇಲಿನದು ಹಾಳೆಗೆ. ಎರಡನೆಯದೋ ಮೂರನೆಯದೋ ಅಚ್ಚಿನಲ್ಲಿ ಗೆರೆಗಳು ಬಳುಕಿಕೊಂಡು ಹೋಗುವುದು ಒಂದೊಂದೂ ಕಾಣುತ್ತದೆ. ಒತ್ತಿದ ಬೆರಳನ್ನು ನೇರ ಮೇಲಕ್ಕೆ ಎತ್ತಬೇಕು, ಎಳೆಯಬಾರದು.

ನಮ್ಮ ಕೊಡಗಿನಲ್ಲಿ ಇನ್ನೊಂದು ತೊಂದರೆ ಇದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹಾಳೆಯೇ ತೇವ ಹೀರಿಕೊಂಡಿರುತ್ತದೆ, ಬಣ್ಣ ಹರಡುತ್ತದೆ. ದಪ್ಪ ಡ್ರಾಯಿಂಗ್ ಶೀಟನ್ನು ಮುಚ್ಚಳದ ಡಬ್ಬದಲ್ಲಿಟ್ಟು, ಬೇಕಾದಾಗ ಮಾತ್ರ ತೆಗೆಯಿರಿ. ಒಣಗಿಸಲು ಫ್ಯಾನ್ ಸಾಕು. ಒಲೆಯ ಮೇಲೆ ನೇತುಹಾಕಬೇಡಿ.

ಏನು ಬಿಡಿಸುವುದು ಅಂತ ಮೊಬೈಲ್ ತಡಕಾಡಬೇಡಿ. ತೋಟಕ್ಕೆ ಕರೆದುಕೊಂಡು ಹೋಗಿ ಕಾಫಿ ಕೊಂಬೆ ತೋರಿಸಿ. ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ಕಾಯಿಗಳು ಎಲೆಯ ಬುಡದಲ್ಲಿ ಗುಂಪಾಗಿ ಕೂರುತ್ತವೆ. ಹೆಬ್ಬೆರಳಿನ ಹಸಿರು ಅಚ್ಚು ಎಲೆ, ಕಿರುಬೆರಳಿನ ಕೆಂಪು ಅಚ್ಚು ಹಣ್ಣು. ಕಡ್ಡಿಯನ್ನು ಸ್ಕೆಚ್ ಪೆನ್ನಲ್ಲಿ ಮಗುವೇ ಎಳೆಯಲಿ. ಸೊಟ್ಟಗಾದರೆ ಆಗಲಿ! ಮಗುವಿನ ಕೈ ಹಿಡಿದು ನೀವೇ ಒತ್ತಿ, ಆಮೇಲೆ ಸ್ಟೇಟಸ್‌ಗೆ ಹಾಕಿಕೊಳ್ಳುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅದು ಮಗುವಿನ ಚಿತ್ರ ಅಲ್ಲ, ನಿಮ್ಮದು.

ಪ್ರಶ್ನೆ: ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದಲ್ವಾ, ಅದನ್ನೇ ಕೊಡಬಹುದಾ? (ಪೊನ್ನಂಪೇಟೆ)

ಉತ್ತರ: ಖಂಡಿತ ಬೇಡ. ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಹೋದರೆ ದೊಡ್ಡ ಅಪಾಯ. ಮನೆಯ ವಸ್ತು ಅಂದ ಮಾತ್ರಕ್ಕೆ ಮಕ್ಕಳಿಗೆ ಒಳ್ಳೆಯದು ಅಂತಲ್ಲ.

ಪ್ರಶ್ನೆ: ಆಫೀಸಿನ ಸ್ಟಾಂಪ್ ಪ್ಯಾಡ್ ನಡೆಯುತ್ತದಾ? (ಕುಶಾಲನಗರ)

ಉತ್ತರ: ಇಲ್ಲ.

ಪ್ರಶ್ನೆ: ಬೆರಳಚ್ಚು ಸ್ಕ್ಯಾನ್ ಮಾಡಿ ಮಗುವಿನ ಬುದ್ಧಿ, ಮುಂದೆ ಓದಬೇಕಾದ ಕೋರ್ಸ್ ಹೇಳುತ್ತಾರಂತೆ. ಮಾಡಿಸಲೇ? (ವಿರಾಜಪೇಟೆ)

ಉತ್ತರ: ಡಿಎಂಐಟಿ ಅನ್ನುವ ಈ ದಂಧೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ 2019ರಲ್ಲೇ ಹೇಳಿದೆ. ಬೆರಳಿನ ಗೆರೆಗಳು ಹೊಟ್ಟೆಯೊಳಗಿದ್ದಾಗಲೇ ಮೂಡುತ್ತವೆ. ಒಂದೇ ಥರ ಕಾಣುವ ಅವಳಿಗಳಲ್ಲೂ ಬೇರೆ ಬೇರೆ ಇರುತ್ತವೆ. ಅದರಲ್ಲಿ ಡಾಕ್ಟರೂ ಇಲ್ಲ, ಎಂಜಿನಿಯರೂ ಇಲ್ಲ.

ಪ್ರಶ್ನೆ: ಒಂದು ವರ್ಷದ ಮಗುವಿಗೆ ಈ ಬಣ್ಣ ಕೊಡಬಹುದಾ? ಡಬ್ಬದ ಮೇಲೆ ನಾನ್ ಟಾಕ್ಸಿಕ್ ಅಂತ ಇದೆ. (ಸಿದ್ದಾಪುರ)

ಉತ್ತರ: ಕೊಡಬೇಡಿ. ಆ ವಯಸ್ಸಿನಲ್ಲಿ ಬೆರಳು ಬಾಯಿಗೇ ಹೋಗುವುದು. ನಾನ್ ಟಾಕ್ಸಿಕ್ ಅಂದರೆ ತಿನ್ನಬಹುದು ಅಂತ ಅರ್ಥ ಅಲ್ಲ. ಬೇಯಿಸಿ ನುಣ್ಣಗೆ ಮಾಡಿದ ಬೀಟ್‌ರೂಟ್ ತಟ್ಟೆಗೆ ಹಾಕಿ, ನೀವು ಪಕ್ಕದಲ್ಲೇ ಕೂರಿ.