ರ‍್ಯಾಂಕಿಂಗ್ ಒಂದನ್ನೇ ನಂಬಿ ಕೂರಬೇಡಿ

ಫಿಫಾ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಫುಟ್‌ಬಾಲ್ ತಂಡವೇ ವಿಶ್ವಕಪ್‌ನಲ್ಲೂ ದೂರ ಹೋಗುತ್ತದಾ ಅಂತ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು, ಅಷ್ಟೇ. 2018ರಲ್ಲಿ ಜರ್ಮನಿ ನಂಬರ್ ಒನ್, ಹಾಲಿ ಚಾಂಪಿಯನ್ ಬೇರೆ. ದಕ್ಷಿಣ ಕೊರಿಯಾ ಕೈಯಲ್ಲಿ 2-0 ಸೋತು ಗುಂಪು ಹಂತದಲ್ಲೇ ಗಂಟುಮೂಟೆ ಕಟ್ಟಿತು. ಬೆಲ್ಜಿಯಂ ಅಂತೂ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿದ್ದರೂ ಆ ಅವಧಿಯಲ್ಲಿ ಒಂದೂ ಕಪ್ ಗೆಲ್ಲಲಿಲ್ಲ.

ನಾನು ಮೊದಲು ನೋಡುವುದು ಡಿಫೆನ್ಸ್. ನಾಕೌಟ್‌ನಲ್ಲಿ (ಸೋತರೆ ಮನೆಗೆ ಹೋಗುವ ಹಂತ) ಒಂದು ಗೋಲ್ ಹೊಡೆದು ಬಾಗಿಲು ಹಾಕಿಕೊಂಡು ಕೂತರೂ ಸಾಕು. 2004ರ ಯೂರೋದಲ್ಲಿ, ಅಂದ್ರೆ ಯುರೋಪಿನ ದೇಶಗಳ ಟೂರ್ನಿಯಲ್ಲಿ, ಗ್ರೀಸ್ ಫ್ರಾನ್ಸ್, ಚೆಕ್, ಪೋರ್ಚುಗಲ್ ಮೂರೂ ತಂಡಗಳನ್ನು ಸಾಲಾಗಿ 1-0ಯಿಂದಲೇ ಸೋಲಿಸಿ ಕಪ್ ಎತ್ತಿತು (ನೋಡೋಕೆ ಬೋರ್ ಹೊಡೆಯುತ್ತಿತ್ತು, ಅದು ಬೇರೆ ಮಾತು). 2022ರಲ್ಲಿ ಮೊರಾಕ್ಕೊ ಸೆಮಿಫೈನಲ್ ತಲುಪುವವರೆಗೆ ಬಿಟ್ಟುಕೊಟ್ಟಿದ್ದು ಒಂದೇ ಗೋಲ್, ಅದೂ ಕೆನಡಾ ವಿರುದ್ಧ ತಮ್ಮವರದೇ ಸೆಲ್ಫ್ ಗೋಲ್!

ಆಮೇಲೆ ಡ್ರಾ ನೋಡಿ, ಯಾವ ಹಂತದಲ್ಲಿ ಯಾರು ಎದುರಾಗಬಹುದು ಅಂತ. ಬೆಂಚಿನಲ್ಲಿ ಕೂತ ಬದಲಿ ಆಟಗಾರರು ಯಾರು ಅನ್ನೋದೂ ಮುಖ್ಯ, ಯಾಕಂದ್ರೆ ತಿಂಗಳೊಂದರ ಆಸುಪಾಸಿನಲ್ಲಿ ಏಳೆಂಟು ಪಂದ್ಯ ಆಡುವಾಗ ಕಾಲು ಸೋಲುತ್ತದೆ. 2018ರಲ್ಲಿ ಕ್ರೊಯೇಷಿಯಾ ಸತತ ಮೂರು ಪಂದ್ಯಗಳಲ್ಲಿ ಎಕ್ಸ್‌ಟ್ರಾ ಟೈಮ್ ಆಡಿ ಫೈನಲ್‌ಗೆ ಬಂದಿತ್ತು, ಫ್ರಾನ್ಸ್‌ಗೆ 4-2 ಸೋತಿತು. ದಣಿವೊಂದೇ ಕಾರಣ ಅನ್ನಲ್ಲ, ಆದರೆ ಇತ್ತು.

ಫ್ರೆಂಡ್ಲಿ ಪಂದ್ಯಗಳ ಫಲಿತಾಂಶಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಕೋಚ್‌ಗಳು ಹೊಸಬರನ್ನು ಆಡಿಸಿ ನೋಡುತ್ತಿರುತ್ತಾರೆ. ಟೂರ್ನಿಯ ಮೊದಲ ಪಂದ್ಯ ನೋಡಿಯೂ ತೀರ್ಪು ಕೊಡಬೇಡಿ; 2022ರಲ್ಲಿ ಸೌದಿಗೆ 2-1 ಸೋತ ಅರ್ಜೆಂಟೀನಾನೇ ಕೊನೆಗೆ ಕಪ್ ಗೆದ್ದಿದ್ದು, ಅಲ್ವಾ?