ಮೈಗೆ ಹತ್ತುವ ಊಟ, ಹತ್ತದ ಊಟ

ಓದುಗರ ಪತ್ರ: "ಗೌರಿ ಹಬ್ಬಕ್ಕೆ ತವರಿಗೆ ಹೋಗಿ ನಾಲ್ಕು ದಿನ ಇದ್ದೆ. ನಾನೂ ತಂಗಿಯೂ ಒಂದೇ ಪಂಕ್ತಿಯಲ್ಲಿ ಕೂತು ಅದೇ ಒಬ್ಬಟ್ಟು, ಅದೇ ಕಡುಬು ಉಂಡೆವು. ಅವಳು ಮೊದಲಿನ ಹಾಗೆಯೇ ಕಡ್ಡಿ. ನನಗೆ ಎರಡು ಕಿಲೊ ಏರಿತು. 'ನಿನಗೆ ಬಾಯಿ ಕಟ್ಟಲು ಬರುವುದಿಲ್ಲ' ಎಂದು ಚಿಕ್ಕಮ್ಮ ಎಲ್ಲರೆದುರು ಅಂದರು. ಹಾಸನದಲ್ಲಿ ಪರಿಚಯದವರೊಬ್ಬರು, ಇದು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಕೆಲಸ, ಅದನ್ನು ಇಳಿಸುವ ಪುಡಿ ಇದೆ ಎಂದು ಡಬ್ಬಿ ಕೊಡಲು ಬಂದರು. ತಪ್ಪು ನನ್ನ ನಾಲಿಗೆಯದೋ, ಹಾರ್ಮೋನಿನದೋ? ಪುಡಿ ತೆಗೆದುಕೊಳ್ಳಲೇ? ಮುಂದಿನ ಹಬ್ಬಕ್ಕೆ ತವರಿಗೆ ಹೋಗದೆ ಇದ್ದುಬಿಡಲೇ?"
— ಆಲೂರು ತಾಲ್ಲೂಕಿನ ಓದುಗರು (ಹೆಸರು ಬೇಡವೆಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ಮೊದಲು ಆ ಎರಡು ಕಿಲೊ ವಿಚಾರ ಮುಗಿಸಿಬಿಡೋಣ, ಏಕೆಂದರೆ ನಿಮ್ಮ ಪತ್ರದ ಅರ್ಧ ಸಂಕಟ ಅಲ್ಲಿಯೇ ಇದೆ. ಒಂದು ಕಿಲೊ ಕೊಬ್ಬು ಮೈಯಲ್ಲಿ ಕೂಡಬೇಕಾದರೆ ದಿನದ ಅಗತ್ಯದ ಮೇಲೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ಒಳಗೆ ಹೋಗಬೇಕು. ಎರಡು ಕಿಲೊಗೆ 15,000 ದಾಟುತ್ತದೆ. ನಾಲ್ಕು ದಿನದಲ್ಲಿ ಅಷ್ಟು ಉಣ್ಣುವುದು ಎಂಥ ಹಬ್ಬದಲ್ಲಿಯೂ ಸುಲಭವಲ್ಲ. ಅಕ್ಕಿ, ಬೆಲ್ಲ, ಮೈದಾ ಹೆಚ್ಚಾದಾಗ ಯಕೃತ್ತು ಮತ್ತು ಸ್ನಾಯುಗಳು ಅದರಲ್ಲಿ ಒಂದಷ್ಟನ್ನು ಗ್ಲೈಕೋಜನ್ ಆಗಿ ಕೂಡಿಡುತ್ತವೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರನ್ನು ನಿಲ್ಲಿಸುತ್ತದೆ. ತಕ್ಕಡಿ ತೋರಿಸಿದ್ದರಲ್ಲಿ ಬಹುಪಾಲು ನೀರು. ಮಾಮೂಲಿ ಊಟಕ್ಕೆ ಮರಳಿದ ಮೇಲೆ ಮತ್ತೊಮ್ಮೆ ತೂಗಿ ನೋಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ.

ಹಾಗೆಂದು ನೀವು ಕಂಡದ್ದು ಸುಳ್ಳಲ್ಲ. "ಅವಳಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ" ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತನ್ನು ವಿಜ್ಞಾನಿಗಳು ಬಹಳ ಕಷ್ಟಪಟ್ಟು ಅಳೆದಿದ್ದಾರೆ. ಕೆನಡಾದ ಲವಾಲ್ ವಿಶ್ವವಿದ್ಯಾಲಯದಲ್ಲಿ ಕ್ಲೋಡ್ ಬುಷಾರ್ ಮತ್ತು ಸಂಗಡಿಗರು ಹನ್ನೆರಡು ಜೋಡಿ ತದ್ರೂಪಿ ಅವಳಿ ಯುವಕರನ್ನು ಕರೆತಂದು, ನೂರು ದಿನಗಳ ಅವಧಿಯಲ್ಲಿ ಒಬ್ಬೊಬ್ಬರಿಗೂ ಒಟ್ಟು 84,000 ಕ್ಯಾಲೊರಿ ಹೆಚ್ಚುವರಿಯಾಗಿ ಉಣಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ ಇದು: ಸರಾಸರಿ 8.1 ಕಿಲೊ ಏರಿಕೆ. ಆದರೆ ಒಬ್ಬನಿಗೆ 4.3 ಕಿಲೊ ಮಾತ್ರ ಏರಿದರೆ ಇನ್ನೊಬ್ಬನಿಗೆ 13.3 ಕಿಲೊ! ಬಡಿಸಿದ ಹೆಚ್ಚುವರಿ ಒಂದೇ, ಹತ್ತಿದ್ದು ಮೂರು ಪಟ್ಟು ಬೇರೆ. ಅಣ್ಣನಿಗೆ ಹೆಚ್ಚು ಏರಿದ ಜೋಡಿಯಲ್ಲಿ ತಮ್ಮನಿಗೂ ಸಾಮಾನ್ಯವಾಗಿ ಹೆಚ್ಚೇ ಏರಿತ್ತು. ಬಾಯಿ ಕಟ್ಟುವ ಪ್ರಶ್ನೆಯೇ ಅಲ್ಲಿರಲಿಲ್ಲ, ಎಲ್ಲರಿಗೂ ಅಳೆದೇ ಬಡಿಸಿದ್ದರು. ನೀವೂ ತಂಗಿಯೂ ತದ್ರೂಪಿ ಅವಳಿಗಳಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ಒಂದೇ ಮೈ ಸಿಕ್ಕಿರುತ್ತದೆ ಎಂದು ಚಿಕ್ಕಮ್ಮ ಎಣಿಸಿದ್ದು ಸರಿಯಲ್ಲ.

ಇನ್ನು ಹಾರ್ಮೋನು. ಒತ್ತಡದ ಹಾರ್ಮೋನು ಎಂದರೆ ಒಂದೇ ಅಲ್ಲ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳ ತಿರುಳಿನಿಂದ ಅಡ್ರಿನಲಿನ್ ಬರುತ್ತದೆ, ಹೊರಪದರದಿಂದ ಕಾರ್ಟಿಸಾಲ್ ಬರುತ್ತದೆ. ಅಡ್ರಿನಲಿನ್ನಿನ ಒಡಹುಟ್ಟಾದ ನಾರ್‌ಅಡ್ರಿನಲಿನ್ ಹೆಚ್ಚಾಗಿ ನರಗಳ ತುದಿಯಿಂದಲೇ ಹೊಮ್ಮುತ್ತದೆ. ಡಬ್ಬಿ ಮಾರುವವರು ಹೇಳದೆ ಬಿಟ್ಟದ್ದು ಈ ಮೂರನೆಯದನ್ನು. ನಿಮ್ಮ ಪ್ರಶ್ನೆಗೆ ಅದೇ ಹೆಚ್ಚು ಹತ್ತಿರ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಲೂಯಿಸ್ ಲ್ಯಾಂಡ್ಸ್‌ಬರ್ಗ್ ಮತ್ತು ಜೇಮ್ಸ್ ಯಂಗ್ ಇಲಿಗಳಲ್ಲಿ ಒಂದು ಸಂಗತಿ ತೋರಿಸಿದರು. ಉಪವಾಸ ಕೆಡವಿದರೆ ಈ ನರಗಳ ಚಟುವಟಿಕೆ ತಗ್ಗುತ್ತದೆ, ಅತಿಯಾಗಿ ಉಣಿಸಿದರೆ ಏರುತ್ತದೆ. ಒತ್ತಡ ಎಂದೊಡನೆ ನಾವು ಹಸಿವು, ಹೆದರಿಕೆಯನ್ನು ನೆನೆಯುತ್ತೇವೆ. ಇಲ್ಲಿ ತುಂಬಿದ ಹೊಟ್ಟೆಯೇ ಆ ನರಗಳನ್ನು ಎಬ್ಬಿಸುತ್ತಿತ್ತು! ಮನುಷ್ಯರಲ್ಲಿಯೂ ಗಡದ್ದಾಗಿ ಉಂಡ ಮೇಲೆ ನಾರ್‌ಅಡ್ರಿನಲಿನ್ ಏರುತ್ತದೆ. ಎದೆಬಡಿತ ತುಸು ಹೆಚ್ಚುತ್ತದೆ, ಮೈ ಬಿಸಿಯಾಗುತ್ತದೆ, ಹೆಚ್ಚುವರಿಯಲ್ಲಿ ಒಂದು ಪಾಲು ಶಾಖವಾಗಿ ಹೊರಟುಹೋಗುತ್ತದೆ. ಬೊಜ್ಜಿರುವವರಲ್ಲಿ, ಮುಖ್ಯವಾಗಿ ಇನ್ಸುಲಿನ್ನಿನ ಮಾತನ್ನು ಮೈ ಸರಿಯಾಗಿ ಕೇಳದವರಲ್ಲಿ, ಊಟದ ನಂತರದ ಈ ಏರಿಕೆ ಸಾಮಾನ್ಯವಾಗಿ ಮಂದ. ವಿಚಿತ್ರವೆಂದರೆ, ಅವರಲ್ಲಿ ಅನೇಕರಿಗೆ ಏನೂ ಉಣ್ಣದೆ ಕೂತಾಗಲೂ ಸ್ನಾಯು ಮತ್ತು ಮೂತ್ರಪಿಂಡಗಳ ಕಡೆಯ ಇದೇ ನರಗಳು ಬಿಗಿಯಾಗಿಯೇ ಇರುತ್ತವೆ. ರಕ್ತದೊತ್ತಡ ಏರುವುದಕ್ಕೆ ಅದೂ ಒಂದು ಕಾರಣ. ಮೊದಲೇ ಜೋರಾಗಿ ಉರಿಯುತ್ತಿರುವ ಒಲೆಗೆ ಇನ್ನೊಂದು ಸೌದೆ ಹಾಕಿದರೆ ಉರಿ ಎದ್ದು ಕಾಣುವುದಿಲ್ಲವಲ್ಲ, ಹಾಗೆ. ಈ ಮಂದಗತಿ ಬೊಜ್ಜಿಗೆ ಕಾರಣವೂ ಆಗಬಹುದು, ಬೊಜ್ಜಿನ ಫಲವೂ ಆಗಬಹುದು. ಎಲ್ಲವನ್ನೂ ಇದೊಂದರ ತಲೆಗೆ ಕಟ್ಟುವುದೂ ಬೇಡ. 1999ರಲ್ಲಿ ಜೇಮ್ಸ್ ಲಿವೈನ್ ಎಂಬುವರು ಹದಿನಾರು ಮಂದಿಗೆ ಎಂಟು ವಾರ ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚು ಕೊಟ್ಟಾಗ, ಕೊಬ್ಬು ಕಡಿಮೆ ಕೂಡಿದವರು ತಮಗರಿವಿಲ್ಲದೆಯೇ ಹೆಚ್ಚು ಅಲುಗಾಡುತ್ತಿದ್ದರು. ಏಳುವುದು, ಕೂರುವುದು, ಒಳಗೆ ಹೊರಗೆ ಓಡಾಡುವುದು, ಅಷ್ಟೇ. ಮುಂದಿನ ಸಲ ಉಂಡೆದ್ದ ಮೇಲೆ ತಂಗಿಯನ್ನು ಗಮನಿಸಿ ನೋಡಿ.

ಕಾರ್ಟಿಸಾಲ್ ಮೇಲೆ ಹೊರಿಸಿರುವ ಅಪವಾದದ ಬಗ್ಗೆ ನನಗೆ ತಕರಾರಿದೆ. ಬೊಜ್ಜಿರುವವರ ರಕ್ತದಲ್ಲಿ ಅದು ತುಂಬಿ ತುಳುಕುತ್ತಿರುತ್ತದೆ ಎಂಬುದು ನಿಜವಲ್ಲ. ಅವರ ದೇಹ ಅದನ್ನು ಹೆಚ್ಚು ತಯಾರಿಸುತ್ತದೆ, ಆದರೆ ಅಷ್ಟೇ ಬೇಗ ಕರಗಿಸಿ ಹೊರಹಾಕುತ್ತದೆ. ಹಾಗಾಗಿ ರಕ್ತದ ಮಟ್ಟ ಹೆಚ್ಚಿನವರಲ್ಲಿ ಮಾಮೂಲಾಗಿಯೇ ಇರುತ್ತದೆ. ಸೂಕ್ಷ್ಮ ಇರುವುದು ಬೇರೆಡೆ: ಕೊಬ್ಬಿನ ಕೋಶಗಳಲ್ಲಿಯೇ ಒಂದು ಕಿಣ್ವವಿದೆ, ಅದು ನಿಷ್ಕ್ರಿಯ ಕಾರ್ಟಿಸೋನ್ ಅನ್ನು ಮತ್ತೆ ಕಾರ್ಟಿಸಾಲ್ ಮಾಡುತ್ತದೆ. ಬೊಜ್ಜಿನಲ್ಲಿ ಆ ಕಿಣ್ವ ಹೆಚ್ಚು ಚುರುಕು. ಆ ಲೆಕ್ಕ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವುದಿಲ್ಲ. ಅಲ್ಲದೆ ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಹೊತ್ತಿಗೆ ಶಿಖರದಲ್ಲಿದ್ದು ನಡುರಾತ್ರಿಗೆ ತಳ ಸೇರುತ್ತದೆ, ಮಧ್ಯಾಹ್ನದ ಊಟಕ್ಕೂ ಸ್ವಲ್ಪ ತಲೆ ಎತ್ತುತ್ತದೆ. ಯಾವುದೋ ಹೊತ್ತಿನಲ್ಲಿ ಒಮ್ಮೆ ರಕ್ತ ತೆಗೆಸಿ, ಬಂದ ಅಂಕಿ ನೋಡಿ ಪುಡಿ ನುಂಗುವುದಕ್ಕೆ ಅರ್ಥವಿಲ್ಲ.

ಪುಡಿ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಒಳಗೇನಿದೆ ಎಂದು ಬರೆಯದ ಕೀಲುನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಇಂಥ ಪುಡಿಗಳಿಗೆ ಬೆರೆಸುವ ಸ್ಟಿರಾಯ್ಡ್ ಎಂದರೆ ಕಾರ್ಟಿಸಾಲ್‌ನ ಕೆಲಸವನ್ನೇ ಮಾಡುವ ವಸ್ತು. ಕಾರ್ಟಿಸಾಲ್ ಇಳಿಸಲು ಹೋಗಿ ಅದನ್ನೇ ನುಂಗಿದಂತಾದೀತು. ಕಾರ್ಟಿಸಾಲ್ ನಿಜಕ್ಕೂ ಮಿತಿಮೀರುವ ಕುಶಿಂಗ್ ಕಾಯಿಲೆ ಅಪರೂಪ. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೀರು, ಸಣ್ಣ ತಾಗುವಿಕೆಗೂ ಮೂಡುವ ಕಂದುಗಟ್ಟು, ಕೂತಲ್ಲಿಂದ ಏಳಲಾಗದಷ್ಟು ತೊಡೆಯ ಬಲಹೀನತೆ, ದುಂಡಗಾಗುವ ಮುಖ, ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಇಲ್ಲದಿದ್ದರೆ ಒಮ್ಮೆ ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಸೊಂಟ ಅಳೆಸಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು ಎನ್ನುತ್ತಾರೆ ವೈದ್ಯರು.

ಕೊನೆಗೆ ಚಿಕ್ಕಮ್ಮನ ಮಾತು. ನಿಮ್ಮ ಪತ್ರ ಓದಿ ನನಗೆ ಹೆಚ್ಚು ನೋವಾದದ್ದು ಅಲ್ಲಿ. 1993ರಲ್ಲಿ ಜರ್ಮನಿಯ ಟ್ರಿಯರ್ ನಗರದ ಸಂಶೋಧಕರು ಪ್ರಯೋಗಾಲಯದಲ್ಲಿ ಕಾರ್ಟಿಸಾಲ್ ಏರಿಸುವ ವಿಧಾನವೊಂದನ್ನು ಪ್ರಕಟಿಸಿದರು. ಸೂಜಿ ಇಲ್ಲ, ಔಷಧ ಇಲ್ಲ. ಮುಖದಲ್ಲಿ ಮೆಚ್ಚುಗೆ ತೋರಿಸದೆ ಅಳೆದು ನೋಡುವವರ ಎದುರು ಐದು ನಿಮಿಷ ಮಾತನಾಡಿಸಿ, ಐದು ನಿಮಿಷ ಬಾಯಿಲೆಕ್ಕ ಮಾಡಿಸುವುದು, ಅಷ್ಟೇ. ಎಂಜಲಿನ ಕಾರ್ಟಿಸಾಲ್ ಎರಡರಿಂದ ನಾಲ್ಕು ಪಟ್ಟು ಏರಿತು. 2004ರಲ್ಲಿ ಇಂಥ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೈಮೀರಿದ ಸ್ಥಿತಿಯಲ್ಲಿ ಇತರರು ತನ್ನನ್ನು ತೂಗಿ ನೋಡುತ್ತಿದ್ದಾರೆ ಎಂಬ ಭಾವವೇ ಕಾರ್ಟಿಸಾಲನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತದೆ ಎಂದು ಕಂಡುಬಂತು. ಎಲೆಯ ಮುಂದೆ ಕೂತವಳ ಮೈಯನ್ನು ಹತ್ತು ಜನರೆದುರು ಎತ್ತಿ ಆಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹೀಗೆ ಅನ್ನಿಸಿಕೊಂಡು ತೆಳ್ಳಗಾದವರನ್ನು ನಾನು ಕಂಡಿಲ್ಲ. ಪಂಕ್ತಿಯಲ್ಲಿ ಕೈ ತೊಳೆದು ಎದ್ದು, ರಾತ್ರಿ ಅಡುಗೆಮನೆಯಲ್ಲಿ ಯಾರೂ ಕಾಣದಂತೆ ಉಂಡವರನ್ನು ಕಂಡಿದ್ದೇನೆ.

ಆದ್ದರಿಂದ ಹಬ್ಬಕ್ಕೆ ಹೋಗಿ. ಹೋಗುವ ಮುನ್ನ ತಾಯಿಗೆ ಫೋನ್ ಮಾಡಿ, ಊಟದ ಹೊತ್ತಿನಲ್ಲಿ ನನ್ನ ತೂಕದ ಮಾತು ಯಾರೂ ಎತ್ತಬಾರದು, ಇದನ್ನು ಚಿಕ್ಕಮ್ಮನಿಗೆ ನೀನೇ ಹೇಳು ಎಂದು ಕೇಳಿಕೊಳ್ಳಿ. ಒಬ್ಬಟ್ಟು ಒಂದೋ ಎರಡೋ, ಕೂತು ನಿಧಾನವಾಗಿ ತಿನ್ನಿ. ಮೂರನೆಯದನ್ನು ಬಲವಂತವಾಗಿ ಎಲೆಗೆ ಹಾಕುವ ಕೈಯನ್ನು ತಡೆಯುವ ಹಕ್ಕು ನಿಮಗಿದೆ. ಉಂಡೆದ್ದು ಮಲಗಬೇಡಿ. ಮಳೆ ಬಿಟ್ಟಿದ್ದರೆ ತಂಗಿಯನ್ನು ಕರೆದುಕೊಂಡು ಕೆರೆ ಏರಿಯ ತನಕ ಹೋಗಿಬನ್ನಿ. ಹಬ್ಬ ಕಳೆದು ವಾರವಾದ ಮೇಲೆ ತಕ್ಕಡಿ ಹತ್ತಿ, ಏನು ತೋರಿಸಿತು ಎಂದು ನನಗೊಂದು ಕಾಗದ ಬರೆಯಿರಿ.